ಕೆಲಸದ ಕಟ್ಟೆ: ಏಜೆನ್ಸಿ ಕೈಬಿಟ್ರೆ ಮುಂದೇನು?

ಈ ಸಲ ಬಂದಿರೋ ಪತ್ರ, ಮೆಸೇಜು ಎಲ್ಲಾ ಗುಡ್ಡೆ ಹಾಕಿ ನೋಡಿದ್ರೆ ಮುಕ್ಕಾಲು ಪಾಲು ಒಂದೇ ಗೋಳು. ಏಜೆನ್ಸಿ ಮೂಲಕ ಕೆಲಸಕ್ಕಿದ್ವಿ, ಹೊಸ ಕಾನೂನು ಬಂತು ಅಂತ ಬಿಡಿಸಿಬಿಟ್ರು, ಈಗ ಯಾರನ್ನ ಕೇಳೋದು? 2025ರ ನವೆಂಬರ್ 21ಕ್ಕೆ ನಾಲ್ಕು ಲೇಬರ್ ಕೋಡ್, ಅಂದ್ರೆ ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಕಾನೂನು, ಜಾರಿಗೆ ಬಂದ್ಮೇಲೆ ಶುರುವಾಗಿದ್ದು ಇದು, ಇನ್ನೂ ನಿಂತಿಲ್ಲ. ಅದಕ್ಕೆ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ, ಪ್ರಮೋಷನ್ನು ಟ್ರಾನ್ಸ್‌ಫರ್ರು ಅಂತ ಕೇಳಿದವ್ರು ಮುಂದಿನ ಸಲದ ತನಕ ಕಾಯಿರಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ದಾಬಸ್‌ಪೇಟೆ ಹತ್ರ ಒಂದು ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಲೈನ್ ಆಪರೇಟರ್ ಆಗಿದ್ದೆ. ಮೆಷಿನ್ ಕಂಪನಿದು, ಸೂಪರ್‌ವೈಸರ್ ಕಂಪನಿಯವ್ರು, ಸಂಬಳ ಮಾತ್ರ ಏಜೆನ್ಸಿದು. ಏಜೆನ್ಸಿ ಮೂರು ಸಲ ಬದಲಾಗಿ ಈಗಿಂದು ನಾಲ್ಕನೇದು, ನಾವ್ ಮಾತ್ರ ಅಲ್ಲೇ ಇದ್ವಿ. ಹೋದ ತಿಂಗಳು ಎಚ್‌ಆರ್‌ನವ್ರು ಬಂದು ಪ್ರೊಡಕ್ಷನ್‌ಗೆ ಇನ್ಮೇಲೆ ಕಂಟ್ರಾಕ್ಟ್‌ನವ್ರನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ಹೇಳಿ 60 ಜನನ್ನ ಕಳಿಸಿಬಿಟ್ರು. ಏಜೆನ್ಸಿಯವ್ರು ಫೋನ್ ಎತ್ತಲ್ಲ. ಕಂಟ್ರಾಕ್ಟ್ ಇಡ್ಬಾರ್ದು ಅಂತ ಕಾನೂನಿದ್ರೆ ನಮ್ಮನ್ನೇ ಕಾಯಂ ಮಾಡ್ಬೇಕಲ್ವಾ? — ಹೆಸರು ಬೇಡ, ನೆಲಮಂಗಲ

ಉತ್ತರ: ಹಾಗೇ ಇರ್ಬೇಕಿತ್ತು ಅಂತ ನಿಮಗೂ ಅನ್ಸುತ್ತೆ ನನಗೂ ಅನ್ಸುತ್ತೆ, ಆದ್ರೆ ಕಾನೂನಲ್ಲಿ ಹಾಗೆ ಬರ್ದಿಲ್ಲ ತಮ್ಮ. ಕಂಪನಿಯ ಮುಖ್ಯ ಕೆಲಸ ಏನಿದೆ, ಅದಕ್ಕೆ ಗುತ್ತಿಗೆ ಕಾರ್ಮಿಕರನ್ನ ಹಾಕ್ಬಾರ್ದು ಅಂತ ಹೊಸ ಸುರಕ್ಷತಾ ಕೋಡಿನ 57ನೇ ಸೆಕ್ಷನ್ ಹೇಳುತ್ತೆ, ನಿಜ. ಹಾಕ್ಬಾರ್ದು ಅಂದಿದಾರೆ, ಇರೋವ್ರನ್ನ ಏನ್ ಮಾಡ್ಬೇಕು ಅನ್ನೋದನ್ನ ಮಾತ್ರ ಹೇಳಿಲ್ಲ. ತಾನಾಗೇ ಕಾಯಂ ಅನ್ನೋ ಮಾತು ಅದ್ರಲ್ಲಿ ಎಲ್ಲೂ ಇಲ್ಲ. ಜೊತೆಗೆ ಮೂರು ಕಿಂಡಿ ಬೇರೆ ಬಿಟ್ಟಿದಾರೆ: ಆ ಕೆಲಸ ಸಾಮಾನ್ಯವಾಗಿ ಗುತ್ತಿಗೆಯಲ್ಲೇ ನಡೆಯೋ ಅಂಥದ್ದಾದ್ರೆ, ದಿನದ ಹೆಚ್ಚು ಹೊತ್ತು ಪೂರ್ತಿ ಆಳು ಬೇಡದ ಕೆಲಸವಾದ್ರೆ, ಇಲ್ಲಾ ಇದ್ದಕ್ಕಿದ್ದ ಹಾಗೆ ಆರ್ಡರ್ ಜಾಸ್ತಿ ಬಂದು ಇಷ್ಟು ದಿನದೊಳಗೆ ಮುಗಿಸ್ಬೇಕು ಅಂತಿದ್ರೆ ಏಜೆನ್ಸಿ ಜನನ್ನ ಹಾಕ್ಬಹುದು.

ಇದೇನು ಹೊಸ ಕಥೆ ಅಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದ್ದಾಗಲೂ ಸರ್ಕಾರ ಒಂದು ಕೆಲಸಕ್ಕೆ ಗುತ್ತಿಗೆ ನಿಷೇಧ ಮಾಡಿದ್ರೆ ಆ ಕಾರ್ಮಿಕರು ಎಲ್ಲಿಗೆ ಹೋಗ್ಬೇಕು ಅನ್ನೋದೇ ದೊಡ್ಡ ಜಗಳ. 1996ರಲ್ಲಿ ಏರ್ ಇಂಡಿಯಾ ಕೇಸಲ್ಲಿ ಸುಪ್ರೀಂ ಕೋರ್ಟು ನಿಷೇಧ ಆದ ತಕ್ಷಣ ಅವ್ರು ಮೂಲ ಮಾಲೀಕರ ನೌಕರರೇ ಅಂತು, ಐದು ವರ್ಷ ಅದೇ ನಡೀತು, 2001ರ ಆಗಸ್ಟ್‌ನಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್ ಅಂತಾರಲ್ಲ, ಆ ಸರ್ಕಾರಿ ಕಂಪನಿ) ಕೇಸಲ್ಲಿ ಐದು ಜನ ಜಡ್ಜ್‌ಗಳ ಪೀಠ ಕೂತು ಇಲ್ಲ, ಹಾಗೆ ತಾನಾಗೇ ಸೇರ್ಸೋಕೆ ಬರಲ್ಲ ಅಂತ ಅದನ್ನ ತಿರುಗಿಸಿಬಿಡ್ತು. ಅಲ್ಲಿ ಎರಡು ಆಸರೆ ಮಾತ್ರ ಉಳಿಸಿದ್ರು. ಒಂದು, ಕಂಪನಿ ಆ ಜಾಗಕ್ಕೆ ಕಾಯಂ ಜನನ್ನ ತಗೊಳ್ಳೋದಾದ್ರೆ ಹಳೇ ಗುತ್ತಿಗೆಯವ್ರಿಗೆ ಮೊದಲ ಆದ್ಯತೆ ಕೊಡ್ಬೇಕು, ವಯಸ್ಸು ಮೀರಿದ್ರೂ ಸಡಿಲ ಮಾಡ್ಬೇಕು, ಓದಿಂದೂ ಅಷ್ಟೇ, ಟೆಕ್ನಿಕಲ್ ಅರ್ಹತೆ ಬಿಟ್ಟು. ಎರಡು, ಆ ಗುತ್ತಿಗೆನೇ ಬರೀ ಕಾಗದದ ಮೇಲಿನ ನಾಟಕ ಅಂತ ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಸಾಬೀತಾದ್ರೆ ನೀವು ಮೊದಲಿಂದ ಕಂಪನಿಯವ್ರೇ ಅಂತ ಆಗುತ್ತೆ.

ನಿಮ್ಮ ಕಥೆ ಈ ಎರಡನೇದಕ್ಕೆ ಹತ್ರ ಇದೆ, ಅದಕ್ಕೇ ಹೇಳ್ತಿರೋದು, ಕೈಯಲ್ಲಿರೋ ಒಂದು ಚೀಟಿನೂ ಕಳ್ಕೋಬೇಡಿ. ಕೆಲವು ವರ್ಷದ ಹಿಂದೆ ನನ್ನ ಹತ್ರ ಒಬ್ರು ಬಂದಿದ್ರು, ಕೈಯಲ್ಲಿ ಒಂದು ಬಟ್ಟೆ ಅಂಗಡಿ ಪ್ಲಾಸ್ಟಿಕ್ ಕವರ್, ಅದ್ರೊಳಗಿಂದ ಟೇಬಲ್ ಮೇಲೆ ನಾಲ್ಕು ಐಡಿ ಕಾರ್ಡ್ ಸಾಲಾಗಿ ಇಟ್ರು. ನಾಲ್ಕರಲ್ಲೂ ಬೇರೆ ಬೇರೆ ಏಜೆನ್ಸಿ ಹೆಸ್ರು, ಬೇರೆ ಬಣ್ಣದ ದಾರ, ಫೋಟೋ ಮಾತ್ರ ಒಂದೇ, ಅದೇ ನೀಲಿ ಚೆಕ್ಸ್ ಶರ್ಟು. ಏಜೆನ್ಸಿ ಬದಲಾದಾಗ ಯಾರೂ ಹೊಸ ಫೋಟೋ ಕೂಡ ಕೇಳಿರ್ಲಿಲ್ಲ. ಹಿಂದುಗಡೆ ಗೇಟ್ ನಂಬರ್ ನಾಲ್ಕರಲ್ಲೂ ಅದೇ. ಹತ್ತು ಪುಟ ಅಫಿಡವಿಟ್ ಹೇಳದೇ ಇರೋದನ್ನ ಆ ನಾಲ್ಕು ಕಾರ್ಡ್ ಹೇಳಿದ್ವು.

ಕೋರ್ಟಲ್ಲಿ ಕೇಳೋದು ಇದನ್ನೇ: ರಜೆ ಯಾರು ಕೊಡ್ತಿದ್ರು, ಶಿಫ್ಟ್ ಯಾರು ಹಾಕ್ತಿದ್ರು, ತಪ್ಪಾದ್ರೆ ಬೈತಿದ್ದವ್ರು ಯಾರು, ಕೆಲಸದಿಂದ ತೆಗಿಯೋ ಅಧಿಕಾರ ಯಾರ ಕೈಯಲ್ಲಿತ್ತು. ಸೂಪರ್‌ವೈಸರ್ ಹಾಕಿದ ವಾಟ್ಸಾಪ್ ಮೆಸೇಜ್, ಕಂಪನಿ ಹೆಸರಲ್ಲಿ ಕೊಟ್ಟ ಟ್ರೈನಿಂಗ್ ಸರ್ಟಿಫಿಕೇಟ್, ಆಯುಧಪೂಜೆ ದಿನ ತೆಗೆದ ಗ್ರೂಪ್ ಫೋಟೋ, ಎಲ್ಲಾ ಎತ್ತಿಡಿ. ಪಿಎಫ್ ಪಾಸ್‌ಬುಕ್ ಡೌನ್‌ಲೋಡ್ ಮಾಡಿ, ಅದ್ರಲ್ಲಿ ನಾಲ್ಕು ಏಜೆನ್ಸಿ ಹೆಸ್ರೂ ತಾರೀಖೂ ಬಂದಿರುತ್ತೆ.

ಇನ್ನು ದುಡ್ಡಿನ ಲೆಕ್ಕ. ಕೆಲಸದಿಂದ ತೆಗೆದ್ರೆ ಎರಡು ವರ್ಕಿಂಗ್ ಡೇ ಒಳಗೆ ಬಾಕಿ ಸಂಬಳ ಕೊಡ್ಬೇಕು ಅಂತ ವೇತನ ಕೋಡ್ ಹೇಳುತ್ತೆ. ಏಜೆನ್ಸಿ ಕೊಡ್ಲಿಲ್ಲ ಅಂದ್ರೆ ಕಂಪನಿಯೇ ಕೊಟ್ಟು ಆಮೇಲೆ ಏಜೆನ್ಸಿಯಿಂದ ವಸೂಲಿ ಮಾಡ್ಕೋಬೇಕು, ಇದು ಹಳೇ ಕಾಯ್ದೆಯಲ್ಲೂ ಇತ್ತು ಹೊಸದ್ರಲ್ಲೂ ಇದೆ, ಆದ್ರಿಂದ ಏಜೆನ್ಸಿ ಫೋನ್ ಎತ್ತಲ್ಲ ಅಂತ ತಲೆ ಕೆಡಿಸ್ಕೋಬೇಡಿ, ಸೀದಾ ಕಂಪನಿಗೇ ಬರೀರಿ. ವರ್ಷದಲ್ಲಿ 240 ದಿನ ಕೆಲಸ ಮಾಡಿದವ್ರನ್ನ ತೆಗಿಬೇಕಾದ್ರೆ ಒಂದು ತಿಂಗಳ ನೋಟಿಸ್ ಇಲ್ಲಾ ಅದರ ಸಂಬಳ, ಮತ್ತೆ ಪ್ರತಿ ವರ್ಷದ ಸರ್ವೀಸಿಗೆ 15 ದಿನದ ಸಂಬಳ ಪರಿಹಾರ ಕೊಡ್ಬೇಕು.

ಗ್ರಾಚ್ಯುಟಿದೇ ತಕರಾರು. ಒಂದೇ ವರ್ಷಕ್ಕೆ ಎಲ್ಲಾರ್ಗೂ ಗ್ರಾಚ್ಯುಟಿ ಅಂತ ವಾಟ್ಸಾಪಲ್ಲಿ ಓಡಾಡ್ತಿದೆಯಲ್ಲ, ಅದು ಫಿಕ್ಸೆಡ್ ಟರ್ಮ್, ಅಂದ್ರೆ ಇಷ್ಟೇ ಅವಧಿಗೆ ಕೆಲಸ ಅಂತ ಲೆಟರ್ ಕೊಟ್ಟು ತಗೊಂಡವ್ರಿಗೆ ಮಾತ್ರ. ಉಳಿದವ್ರಿಗೆ ಐದು ವರ್ಷವೇ. ನಿಮ್ಮದು ಆರು ವರ್ಷ ಆದ್ರೂ ಒಂದೊಂದು ಏಜೆನ್ಸಿಯಲ್ಲಿ ಒಂದೂವರೆ ವರ್ಷ, ಯಾರ ಹತ್ರನೂ ಐದು ತುಂಬಿಲ್ಲ. ಏಜೆನ್ಸಿ ಪದೇ ಪದೇ ಯಾಕೆ ಬದಲಾಗುತ್ತೆ ಅಂತ ಈಗ ಹೊಳೀತಾ? ಗುತ್ತಿಗೆ ನಾಟಕ ಅಂತ ಸಾಬೀತಾದ್ರೆ ಆರೂ ವರ್ಷ ಕಂಪನಿ ಲೆಕ್ಕಕ್ಕೆ ಬರುತ್ತೆ, ಆಗ ಗ್ರಾಚ್ಯುಟಿಗೆ ಲೆಕ್ಕ ಹಿಡಿಯೋ ಸಂಬಳ ತಿಂಗಳಿಗೆ 15,000 ಅಂತಿಟ್ಕೊಂಡ್ರೆ ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿ ಆರು ವರ್ಷಕ್ಕೆ ಸುಮಾರು 51,900 ರೂಪಾಯಿ. 60 ಜನ ಒಟ್ಟಿಗೆ ಹೋಗಿ ಲೇಬರ್ ಆಫೀಸಲ್ಲಿ ಅರ್ಜಿ ಹಾಕಿ, ಒಬ್ಬೊಬ್ರೇ ಹೋಗ್ಬೇಡಿ. ತಡನೂ ಮಾಡ್ಬೇಡಿ, ಎರಡು ವರ್ಷ ದಾಟಿದ ಜಗಳನ ರಾಜಿ ಅಧಿಕಾರಿ ಕೈಗೆ ತಗೊಳ್ಳೋ ಹಾಗಿಲ್ಲ.

ಪ್ರಶ್ನೆ: ನಾನು ಏಜೆನ್ಸಿಯ ಕಾರ್ಮಿಕ ಅಲ್ಲ, ಏಜೆನ್ಸಿ ಆಫೀಸಲ್ಲೇ ರಿಕ್ರೂಟರ್. ಎರಡೂವರೆ ವರ್ಷ ಆಯ್ತು. ದೊಡ್ಡ ಕ್ಲೈಂಟ್ ಎರಡು ಕೈಬಿಟ್ಟು ಹೋದ್ರು, ಈಗ ನಮ್ಮ ಟೀಮಲ್ಲಿ ಹನ್ನೊಂದು ಜನಕ್ಕೆ ವೈಯಕ್ತಿಕ ಕಾರಣಕ್ಕೆ ರಾಜೀನಾಮೆ ಅಂತ ಮೇಲ್ ಹಾಕಿ, ಇಲ್ಲಾಂದ್ರೆ ರಿಲೀವಿಂಗ್ ಲೆಟರ್ ಕೊಡಲ್ಲ ಅಂತಿದಾರೆ. ಹಾಕ್ಲಾ? — ಜಯನಗರ, ಬೆಂಗಳೂರು

ಉತ್ತರ: ಹಾಕ್ಬೇಡಿ. ರಾಜೀನಾಮೆ ಅಂತ ಒಂದು ಸಾಲು ನಿಮ್ಮ ಕೈಯಿಂದ ಹೋದ್ರೆ ನೋಟಿಸ್ ಸಂಬಳನೂ ಹೋಯ್ತು, ಪರಿಹಾರನೂ ಹೋಯ್ತು. ಕೆಲಸ ಇಲ್ಲ ಅಂತ ಅವ್ರು ತೆಗೀತಿದಾರೆ ಅಂದ್ರೆ ಅದು ರಿಟ್ರೆಂಚ್‌ಮೆಂಟು, ಅದನ್ನ ಅವ್ರೇ ಬರ್ದು ಕೊಡ್ಲಿ. ನಾವ್ ಆಫೀಸಿನವ್ರು, ನಮಗೆ ಲೇಬರ್ ಲಾ ಬರಲ್ಲ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಹಾಗೇನಿಲ್ಲ. ಕುರ್ಚಿ ನೋಡಿ ತೀರ್ಮಾನ ಮಾಡಲ್ಲ, ಕೆಲಸ ನೋಡಿ ಮಾಡ್ತಾರೆ. ರೆಸ್ಯೂಮೆ ಹುಡುಕೋದು, ಫೋನ್ ಮಾಡೋದು, ಎಕ್ಸೆಲ್ ತುಂಬೋದು ಇದು ಕ್ಲೆರಿಕಲ್ ಕೆಲಸ, ಸಂಬಳ ಎಷ್ಟಿದ್ರೂ ನೀವು ವರ್ಕರ್. ಮ್ಯಾನೇಜರ್ ಥರದ ಆಡಳಿತದ ಕೆಲಸ ಇದ್ರೆ, ಇಲ್ಲಾ ಬೇರೆಯವ್ರ ಮೇಲೆ ಸೂಪರ್‌ವೈಸರ್ ಆಗಿದ್ದು ತಿಂಗಳಿಗೆ 18,000ಕ್ಕಿಂತ ಜಾಸ್ತಿ ಬರ್ತಿದ್ರೆ ಹೊರಗೆ. ಇನ್ನೊಂದು ನೋಡಿ, ಸಾಮಾನ್ಯವಾಗಿ ಕೊನೆಗೆ ಸೇರಿದವ್ರನ್ನ ಮೊದಲು ತೆಗಿಬೇಕು, ನಿಮಗಿಂತ ಆಮೇಲೆ ಬಂದವ್ರು ಅದೇ ಕೆಲಸದಲ್ಲಿ ಇನ್ನೂ ಕೂತಿದ್ರೆ ಕಾರಣ ಕೇಳಿ.

ಒಂದ್ ಮಾತು ಹೇಳ್ಲಾ, ಬೇಜಾರ್ ಮಾಡ್ಕೋಬೇಡಿ. ಹೋದ ವಾರ ನೂರಾರು ಹುಡುಗ್ರಿಗೆ ನಾಳೆಯಿಂದ ಬರ್ಬೇಡಿ ಅಂತ ಫೋನ್ ಮಾಡಿದ್ದು ನಿಮ್ಮಂಥವ್ರೇ ಇರ್ಬೇಕು, ಮೇಲಿನವ್ರು ಹೇಳಿದ್ರು ಮಾಡಿದ್ರಿ. ಅವ್ರ ಲಿಸ್ಟು, ಸೇರಿದ ತಾರೀಖು ನಿಮ್ಮ ಲ್ಯಾಪ್‌ಟಾಪಲ್ಲಿ ಇರೋದು ನಿಮಗೆ ಗೊತ್ತು. ಸರ್ವೀಸ್ ಸರ್ಟಿಫಿಕೇಟ್ ಕೇಳಿದವ್ರಿಗೆ ಗುತ್ತಿಗೆದಾರ ಕೊಡ್ಲೇಬೇಕು ಅಂತ ಹೊಸ ಕೋಡಲ್ಲಿದೆ, ನೀವು ಸೀಟಿಂದ ಏಳೋದ್ರೊಳಗೆ ಕೇಳಿದ ಹುಡುಗ್ರಿಗೆ ಅದೊಂದನ್ನ ಪ್ರಿಂಟ್ ಹಾಕಿಸಿ ಸೈನ್ ಮಾಡ್ಸಿ ಕಳಿಸಿ.

ಪ್ರಶ್ನೆ: ಏಜೆನ್ಸಿ ಬೇಡ, ಕಂಪನಿಯೇ ನೇರವಾಗಿ ಅಪ್ರೆಂಟಿಸ್ ಆಗಿ ತಗೊಳ್ತೀವಿ, ಅದೇ ಲೈನು ಅದೇ ಶಿಫ್ಟು ಅಂತಿದಾರೆ. ಒಳ್ಳೇದಲ್ವಾ? — ಮಾಲೂರು

ಉತ್ತರ: ಎಷ್ಟು ವರ್ಷದಿಂದ ಅದೇ ಮೆಷಿನ್ ಓಡಿಸ್ತಿದೀರಿ ಅಂತ ಬರ್ದಿಲ್ಲ. ಅಪ್ರೆಂಟಿಸ್ ಅಂದ್ರೆ 1961ರ ಕಾಯ್ದೆ ಪ್ರಕಾರ ಕಲಿಯೋಕೆ ಬಂದವ್ರು, ಕಾರ್ಮಿಕ ಅಲ್ಲ. ಸಿಗೋದು ಸ್ಟೈಪೆಂಡು, ಪಿಎಫ್ ಇಲ್ಲ, ಮುಗಿದ್ಮೇಲೆ ಕೆಲಸ ಕೊಡ್ಬೇಕು ಅಂತನೂ ಇಲ್ಲ. ಗೊತ್ತಿರೋ ಕೆಲಸನ ಮತ್ತೆ ಕಲಿಯೋಕೆ ಸೈನ್ ಹಾಕೋ ಮುಂಚೆ ಫಿಕ್ಸೆಡ್ ಟರ್ಮ್ ಕೊಡ್ತೀರಾ ಅಂತ ಕೇಳಿ. ಅದ್ರಲ್ಲಿ ಕಾಯಂನವ್ರ ಸಂಬಳ ಸೌಲಭ್ಯ ಸಿಗ್ಬೇಕು, ವರ್ಷಕ್ಕೆ ಗ್ರಾಚ್ಯುಟಿನೂ ಇದೆ.

ಪ್ರಶ್ನೆ: ನಿಮ್ಮ ಅಂಕಣ ಓದ್ತಾ ಬಂದಿದೀನಿ, ಯಾವಾಗ್ಲೂ ಕಾನೂನು ಬಿಗಿ ಆಗ್ಬೇಕು ಅಂತೀರಿ. ಈಗ ನೋಡಿ, ಬಿಗಿ ಮಾಡಿದ್ರು, ಏಜೆನ್ಸಿ ಮುಚ್ಚಿದ್ವು, ಬಡವ್ರ ಕೆಲಸ ಹೋಯ್ತು. ಅರ್ಧ ರೊಟ್ಟಿ ಇತ್ತು, ಅದನ್ನೂ ಕಿತ್ಕೊಂಡ್ರಿ. ಬೇರೆ ದೇಶದಲ್ಲಿ ಹೀಗೆ ಮಾಡಿ ಉದ್ಧಾರ ಆಗಿದಾರಾ? — ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೋಪ ಅರ್ಥ ಆಗುತ್ತೆ ಸಾರ್, ಅರ್ಧ ರೊಟ್ಟಿ ಮಾತೂ ನಿಜವೇ. ಬೇರೆ ದೇಶ ಅಂದ್ರಲ್ಲ, ಮೊದಲು ಅಲ್ಲಿಗೇ ಹೋಗೋಣ.

ನಾರ್ವೆಯಲ್ಲಿ 2023ರ ಏಪ್ರಿಲ್ 1ರಿಂದ ಓಸ್ಲೋ ಮತ್ತೆ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಏಜೆನ್ಸಿಯಿಂದ ಜನ ತಗೊಳ್ಳೋದನ್ನೇ ನಿಲ್ಲಿಸಿಬಿಟ್ರು. ನಡೀತಿದ್ದ ಒಪ್ಪಂದಕ್ಕೆ ಜುಲೈ ತನಕ ಟೈಮ್ ಕೊಟ್ರು ಅಷ್ಟೇ. ಪೋಲೆಂಡು, ಲಿಥುವೇನಿಯಾದಿಂದ ಬಂದು ಏಜೆನ್ಸಿ ಕೈಕೆಳಗೆ ಸೆಂಟ್ರಿಂಗು, ಮರಗೆಲಸ ಮಾಡ್ತಿದ್ದವ್ರು ಎಷ್ಟೋ ಜನ. ಏಜೆನ್ಸಿಗಳ ವ್ಯವಹಾರ ಬಿತ್ತು, ಅಲ್ಲಿ ಕೆಲಸ ಹೋಯ್ತು, ನೀವು ಹೇಳಿದ ಹಾಗೇ. ಏಜೆನ್ಸಿಗಳು ಸುಮ್ನೆ ಕೂರ್ಲಿಲ್ಲ, ಕೋರ್ಟಿಗೆ ಹೋದ್ರು, ಕೇಸು ಎಫ್ಟಾ ಕೋರ್ಟಿನ (ನಾರ್ವೆ ಥರದ ಮೂರು ದೇಶಕ್ಕೆ ಯುರೋಪಿನ ನಿಯಮ ಏನು ಹೇಳುತ್ತೆ ಅಂತ ನೋಡೋ ಕೋರ್ಟು) ತನಕ ಹೋಗಿ 2024ರ ನವೆಂಬರ್‌ನಲ್ಲಿ ಇಂಥ ನಿಷೇಧಕ್ಕೆ ಸರಿಯಾದ ಕಾರಣ ಇರೋಕೆ ಸಾಧ್ಯ ಅನ್ನೋ ಅಭಿಪ್ರಾಯ ಬಂತು. ಆದ್ರೆ ಒಂದು ನೋಡಿ, ನಿಷೇಧ ಬಂದ 2023ರಲ್ಲೇ ಅಲ್ಲಿ ಬಡ್ಡಿ ಏರಿ ಮನೆ ಕಟ್ಟೋದೇ ಕಮ್ಮಿ ಆಗಿತ್ತು. ಕಟ್ಟೋಕೆ ಮನೆನೇ ಇಲ್ಲ ಅಂದ್ರೆ ಗಾರೆಯವ್ರು ಮನೇಲಿ ಕೂರೋದಕ್ಕೆ ಪೂರ್ತಿ ಕಾನೂನನ್ನೇ ಬೈಯೋಕಾಗುತ್ತಾ?

ಜರ್ಮನಿ ಕಥೆ ಬೇರೆ. 2020ರ ಜೂನಲ್ಲಿ ಕೊರೊನಾ ಟೈಮಲ್ಲಿ ರೇಡಾ-ವೀಡೆನ್‌ಬ್ರೂಕ್ ಅನ್ನೋ ಊರಿನ ಮಾಂಸದ ಫ್ಯಾಕ್ಟರಿಯಲ್ಲಿ ಸಾವಿರಕ್ಕಿಂತ ಹೆಚ್ಚು ಜನಕ್ಕೆ ಸೋಂಕು ತಗುಲಿ ದೇಶಕ್ಕೆ ದೇಶವೇ ಬೆಚ್ಚಿಬಿತ್ತು. ಅಲ್ಲಿ ಮಾಂಸ ಕತ್ತರಿಸ್ತಿದ್ದವ್ರು ಬಹಳಷ್ಟು ಜನ ರೊಮೇನಿಯಾ, ಬಲ್ಗೇರಿಯಾದವ್ರು, ಉಪಗುತ್ತಿಗೆ ಕೆಳಗೆ ಉಪಗುತ್ತಿಗೆ, ಒಂದೇ ರೂಮಲ್ಲಿ ಹಲವರು. ಸರ್ಕಾರ 2021ರ ಜನವರಿ 1ರಿಂದ ದೊಡ್ಡ ಕಸಾಯಿಖಾನೆಗಳಲ್ಲಿ ಗುತ್ತಿಗೆ ಬಂದ್ ಮಾಡ್ತು, ಏಪ್ರಿಲ್ 1ರಿಂದ ಏಜೆನ್ಸಿನೂ ಬಂದ್, ಮಾಂಸ ಸಂಸ್ಕರಣೆಗೆ ಮಾತ್ರ ಯೂನಿಯನ್ ಒಪ್ಪಂದ ಇದ್ರೆ ಸ್ವಲ್ಪ ದಿನ ವಿನಾಯ್ತಿ. 50 ಜನಕ್ಕಿಂತ ಕಮ್ಮಿ ಇರೋ ಸಣ್ಣ ಕಟುಕರ ಅಂಗಡಿಗಳನ್ನ ಬಿಟ್ರು. ಗುತ್ತಿಗೆ ಕಂಪನಿಗಳು ಹೋದ್ವು, ಜನ? ಹಂದಿ ತಾನಾಗೇ ಕತ್ತರಿಸ್ಕೊಳ್ಳಲ್ಲವಲ್ಲ, ಫ್ಯಾಕ್ಟರಿಗಳು ಅದೇ ಜನನ್ನ ಸಾವಿರಗಟ್ಟಲೆ ನೇರವಾಗಿ ತಗೊಂಡ್ವು. ಅದೇ ಚಾಕು, ಅದೇ ಬೆಲ್ಟು, ಸಂಬಳದ ಚೀಟಿ ಮೇಲಿನ ಹೆಸರು ಮಾತ್ರ ಬೇರೆ.

ಮೆಕ್ಸಿಕೋದವ್ರು 2021ರ ಏಪ್ರಿಲ್‌ನಲ್ಲಿ ಜನನ್ನ ಬಾಡಿಗೆಗೆ ಕೊಡೋದನ್ನೇ ನಿಷೇಧ ಮಾಡಿದ್ರು, ವಿಶೇಷ ಕೆಲಸಕ್ಕೆ ರಿಜಿಸ್ಟರ್ ಆದ ಕಂಪನಿ ಮಾತ್ರ ಇರ್ಬಹುದು ಅಂದ್ರು. ಅವ್ರು ಕಾನೂನಲ್ಲೇ ಒಂದು ಸಾಲು ಸೇರ್ಸಿದ್ರು ನೋಡಿ, ಏಜೆನ್ಸಿಯಿಂದ ಅಸಲಿ ಮಾಲೀಕನ ಹೆಸರಿಗೆ ಕಾರ್ಮಿಕರನ್ನ ವರ್ಗ ಮಾಡ್ವಾಗ ಹಳೇ ಸರ್ವೀಸು, ಹಳೇ ಹಕ್ಕು ಎಲ್ಲಾ ಲೆಕ್ಕಕ್ಕೆ ಹಿಡಿಬೇಕು ಅಂತ. ಅದೊಂದು ಸಾಲು ನಮ್ಮ ಕೋಡಲ್ಲಿ ಇದ್ದಿದ್ರೆ ಮೇಲಿನ ನೆಲಮಂಗಲದ ಹುಡುಗ ನನಗೆ ಪತ್ರ ಬರೀತಾನೇ ಇರ್ಲಿಲ್ಲ.

ನಮ್ಮಲ್ಲೇ ನೋಡಿ. ಬೆಂಗಳೂರಲ್ಲಿ ಪೌರಕಾರ್ಮಿಕರ ಗುತ್ತಿಗೆ ತೆಗೆದು ಪಾಲಿಕೆಯೇ ನೇರವಾಗಿ ಸಂಬಳ ಕೊಡುತ್ತೆ ಅಂದಾಗ ನಾವೆಲ್ಲಾ ಚಪ್ಪಾಳೆ ಹೊಡೆದ್ವಿ, ನಾನೂ ಹೊಡೆದೆ, ಆದ್ರೆ ಜೊತೆಗೇ 700 ಜನಸಂಖ್ಯೆಗೆ ಒಬ್ಬರು ಅನ್ನೋ ಲೆಕ್ಕ ಬಂತು. ಗುತ್ತಿಗೆದಾರರ ಪಟ್ಟಿಯಲ್ಲಿ ಬರೀ ಕಾಗದದ ಮೇಲಿದ್ದ ಹೆಸರುಗಳೂ ಇದ್ವು ಅದು ಬೇರೆ ಮಾತು, ಆದ್ರೆ ನಿಜವಾಗ್ಲೂ ಬೆಳಗಿನ ಜಾವ ಪೊರಕೆ ಹಿಡಿದು ನಿಂತವ್ರೂ ಆ ಲೆಕ್ಕದಲ್ಲಿ ಹೊರಗೆ ಬಿದ್ರು, 2018ರಲ್ಲಿ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಸಂಬಳ ಬರ್ಲಿಲ್ಲ. ಬಾಗಿಲು ಮುಚ್ಚೋ ಮುಂಚೆ ಒಳಗಿರೋವ್ರು ಯಾವ ಕಡೆಯಿಂದ ಆಚೆ ಬರ್ಬೇಕು ಅಂತ ಬರೀಬೇಕಿತ್ತು, ಬರೀಲಿಲ್ಲ. ನನ್ನ ಸಿಟ್ಟು ಅದ್ರ ಮೇಲೆ ಸಾರ್, ಬಿಗಿ ಮಾಡಿದ್ರ ಮೇಲಲ್ಲ. ಸಡಿಲ ಬಿಟ್ಟಾಗ ಏನಾಗುತ್ತೆ ಅನ್ನೋದನ್ನ 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ ನೋಡಿದೀವಲ್ಲ, ಫೋನ್ ಜೋಡಿಸೋ ಫ್ಯಾಕ್ಟರಿ, ಹೆಚ್ಚಿನವ್ರು ಏಜೆನ್ಸಿ ಹುಡುಗ್ರು, ಸಂಬಳ ಸರಿಯಾಗಿ ಕೈಗೆ ಬರದೆ ಕೊನೆಗೆ ಗಾಜು ಪುಡಿ ಆಯ್ತು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಏಜೆನ್ಸಿ ಮೂಲಕ ಒಂದು ಕಾರ್ ಕಂಪನಿಗೆ ಎಂಜಿನಿಯರ್. 18 ತಿಂಗಳು ಮುಗೀತು, ಕಾನೂನು ಪ್ರಕಾರ ಇನ್ನು ಅಲ್ಲಿ ಇರೋ ಹಾಗಿಲ್ಲ ಅಂತ ಕಳಿಸಿದಾರಂತೆ, ಏಜೆನ್ಸಿಯೂ ನೋಟಿಸ್ ಕೊಡ್ತೀವಿ ಅಂತ ಮೇಲ್ ಮಾಡಿದೆ. ವೀಸಾ ಬ್ಲೂ ಕಾರ್ಡ್. ಮನೆಯಲ್ಲಿ ಎಲ್ಲರಿಗೂ ಗಾಬರಿ. — ದಾವಣಗೆರೆ

ಉತ್ತರ: ಮೇಷ್ಟ್ರೇ, ಗಾಬರಿ ಬೇಡ, ಆದ್ರೆ ದಿನ ಎಣಿಸೋ ಕೆಲಸ ಇದೆ, ಇದನ್ನ ಇವತ್ತೇ ಮಗನಿಗೆ ಕಳಿಸಿ. 18 ತಿಂಗಳ ಮಿತಿ ನಿಜ, 2017ರ ಏಪ್ರಿಲ್‌ನಿಂದ ಇದೆ. ಯೂನಿಯನ್ ಒಪ್ಪಂದದಲ್ಲಿ ಬೇರೆ ಅವಧಿ ಇದ್ರೆ ಬದಲಾಗುತ್ತೆ, ಅದನ್ನ ವಿಚಾರಿಸ್ಲಿ. ಆದ್ರೆ ಮಿತಿ ಇರೋದು ಆ ಕಾರ್ ಕಂಪನಿಯಲ್ಲಿ ಕೂರೋದಕ್ಕೆ, ಏಜೆನ್ಸಿಯ ಕೆಲಸಕ್ಕಲ್ಲ. ಅಲ್ಲಿ ಏಜೆನ್ಸಿಯೇ ಮಾಲೀಕ, ಒಂದು ಕಡೆ ಮುಗೀತು ಇನ್ನೊಂದು ಕಡೆ ಸಿಕ್ಕಿಲ್ಲ ಅಂದ್ರೂ ನಡುವಿನ ದಿನಕ್ಕೆ ಸಂಬಳ ಕೊಡ್ಬೇಕು. 18 ತಿಂಗಳು ಆಯ್ತು ಅನ್ನೋದು ಕೆಲಸದಿಂದ ತೆಗಿಯೋಕೆ ತಾನಾಗೇ ಕಾರಣ ಆಗಲ್ಲ.

ಮೇಲ್‌ನಲ್ಲಿ ಬಂದ ನೋಟಿಸಿಗೆ ಅಲ್ಲಿ ಬೆಲೆ ಇಲ್ಲ, ಕಾಗದದ ಮೇಲೆ ಪೆನ್ನಿನ ಸಹಿ ಇರ್ಬೇಕು. ಅಂಥ ಕಾಗದ ಕೈಗೆ ಬಂದ ದಿನದಿಂದ ಮೂರು ವಾರದೊಳಗೆ ಲೇಬರ್ ಕೋರ್ಟ್‌ನಲ್ಲಿ ದಾವೆ ಹಾಕ್ಬೇಕು, ನಾಲ್ಕನೇ ವಾರಕ್ಕೆ ಹೋದ್ರೆ ಕೇಸಿಗೆ ಹೆಚ್ಚುಕಮ್ಮಿ ತೆರೆ ಬಿದ್ದ ಹಾಗೆ. ಕೆಲಸ ಹೋಗುತ್ತೆ ಅಂತ ಗೊತ್ತಾದ ಮೂರು ದಿನದೊಳಗೆ ಅಲ್ಲಿನ ಉದ್ಯೋಗ ಕಚೇರಿಯಲ್ಲಿ ಕೆಲಸ ಹುಡುಕ್ತಿದೀನಿ ಅಂತ ಹೆಸ್ರು ಬರೆಸ್ಬೇಕು, ಆನ್‌ಲೈನಲ್ಲೂ ಆಗುತ್ತೆ. ಹಿಂದಿನ 30 ತಿಂಗಳಲ್ಲಿ 12 ತಿಂಗಳು ವಿಮೆ ಕಟ್ಟಿದ್ರೆ ಕೈಗೆ ಬರ್ತಿದ್ದ ಸಂಬಳದ 60 ಪರ್ಸೆಂಟ್, ಮಗು ಇದ್ರೆ 67 ಪರ್ಸೆಂಟ್ ಭತ್ಯೆ ಸಿಗುತ್ತೆ. ಬ್ಲೂ ಕಾರ್ಡ್ ಅಂದ್ರಲ್ಲ, ಕೆಲಸ ಮುಂಚೆನೇ ಮುಗೀತು ಅಂತ ಗೊತ್ತಾದ ಎರಡು ವಾರದೊಳಗೆ ವಿದೇಶಿಯರ ಕಚೇರಿಗೂ ತಿಳಿಸ್ಬೇಕು, ನಮ್ಮ ಹುಡುಗ್ರು ಹೆದರಿ ಮುಚ್ಚಿಡೋದು ಇದನ್ನೇ, ಆಮೇಲೆ ಅದೇ ದೊಡ್ಡ ತಲೆನೋವಾಗುತ್ತೆ. ಇನ್ನೊಂದು, 18 ತಿಂಗಳು ದಾಟಿದ್ಮೇಲೂ ಕಾರ್ ಕಂಪನಿ ಅವ್ನನ್ನ ಒಂದಷ್ಟು ದಿನ ಇಟ್ಕೊಂಡಿತ್ತಾ ಕೇಳಿ. ಇಟ್ಕೊಂಡಿದ್ರೆ ಕಾನೂನಿನ ಕಣ್ಣಲ್ಲಿ ಅವ್ನು ಕಾರ್ ಕಂಪನಿಯದೇ ನೌಕರ, ನಮ್ಮಲ್ಲಿ ಇಲ್ಲದ ಸಾಲು ಅವ್ರಲ್ಲಿ ಇದೆ.

ಪ್ರಶ್ನೆ: ನಂದು ಸಣ್ಣ ಲೇಬರ್ ಕಂಟ್ರಾಕ್ಟು, 35 ಜನ ಇದಾರೆ. ಲೈಸೆನ್ಸ್ ಇಲ್ಲದವ್ರಿಗೆ ಕೆಲಸ ಇಲ್ಲ ಅಂತ ಕಂಪನಿಯವ್ರು ನನ್ನನ್ನ ಬಿಟ್ಟು ದೊಡ್ಡ ಏಜೆನ್ಸಿಗೆ ಕೊಟ್ರು. ಹೊಸ ಕಾನೂನಲ್ಲಿ ನನಗೆ ಲೈಸೆನ್ಸ್ ಬೇಕಾ? — ಹರಿಹರ

ಉತ್ತರ: ಹಳೇದ್ರಲ್ಲಿ 20 ಜನಕ್ಕೆ ಬೇಕಿತ್ತು, ಹೊಸ ಕೋಡಲ್ಲಿ 50ಕ್ಕೆ ಏರ್ಸಿದಾರೆ, 35 ಜನಕ್ಕೆ ಬೇಡ. ಅಂದ್ರೆ ಕಾನೂನು ನಿಮಗೆ ಸಡಿಲ ಆಗಿದೆ, ಕಂಪನಿಯವ್ರು ಹೆದರಿಕೆಗೆ ತಾವೇ ಬಿಗಿ ಮಾಡ್ಕೊಂಡಿದಾರೆ. ದೊಡ್ಡವ್ರ ಹತ್ರ ಐದು ವರ್ಷದ ಲೈಸೆನ್ಸ್ ಇರುತ್ತೆ, ಫೈಲ್ ನೀಟಾಗಿರುತ್ತೆ, ಆಡಿಟ್‌ನವ್ರು ಖುಷಿ. ಈ ಕೋಡಿನ ಮಾತು ತೋರ್ಸಿ ಒಂದು ಲೆಟರ್ ಕೊಟ್ಟು ನೋಡಿ, ಪಿಎಫ್, ಇಎಸ್‌ಐ ಚಲನ್ ಜೊತೆಗಿಡಿ, ಅದು ಯಾವ ಕಾಲಕ್ಕೂ ಬಿಟ್ಟಿಲ್ಲ. ಆಗ್ಲಿಲ್ಲ ಅಂದ್ರೆ ನಿಮ್ಮ 35 ಜನನ್ನ ಹೊಸ ಏಜೆನ್ಸಿ ಅದೇ ಯುಎಎನ್ (ಪಿಎಫ್ ಖಾತೆ) ನಂಬರ್‌ನಲ್ಲಿ ತಗೊಳ್ಳೋ ಹಾಗೆ ಮಾತಾಡಿ, ಹಳೇ ಲೆಕ್ಕ ಚುಕ್ತಾ ಅಂತ ಖಾಲಿ ಪೇಪರ್ ಮೇಲೆ ಸೈನ್ ಹಾಕಿಸ್ಕೊಂಡು ಕಳಿಸ್ಬೇಡಿ.

ಪ್ರಶ್ನೆ: ಮೇಡಂ ನಮಸ್ತೆ, ನಮ್ಮಮ್ಮನ ಪರವಾಗಿ ಬರೀತಿದೀನಿ. ಅಮ್ಮ ಟೆಕ್ ಪಾರ್ಕಲ್ಲಿ ಹೌಸ್‌ಕೀಪಿಂಗ್, ಮೂರು ವರ್ಷ. ಹೊಸ ಕಾನೂನಲ್ಲಿ ಕಂಟ್ರಾಕ್ಟ್ ಇಲ್ಲ ಅಂತ ಜನವರಿ ಕೊನೆಗೆ ಬಿಡಿಸಿದ್ರು. ಇಎಸ್‌ಐಯಲ್ಲಿ ಶುಗರ್ ಮಾತ್ರೆ ತಗೊಳ್ತಿದ್ರು, ಈಗ ಅದೂ ನಿಂತುಹೋಗುತ್ತಾ? — ಬೆಳ್ಳಂದೂರು

ಉತ್ತರ: ಮೊದಲು ಅಮ್ಮನಿಗೆ ಹೇಳು ಪುಟ್ಟ, ಅವ್ರಿಗೆ ಸುಳ್ಳು ಹೇಳಿದಾರೆ. ಹೌಸ್‌ಕೀಪಿಂಗು, ಸೆಕ್ಯುರಿಟಿ, ಕ್ಯಾಂಟೀನು, ಗಾರ್ಡನ್ನು, ಲೋಡಿಂಗು ಇದೆಲ್ಲಾ ಸಾಫ್ಟ್‌ವೇರ್ ಕಂಪನಿಯ ಮುಖ್ಯ ಕೆಲಸ ಅಲ್ಲ ಅಂತ ಹೊಸ ಕೋಡಲ್ಲೇ ಪಟ್ಟಿ ಹಾಕಿದಾರೆ, ಅದಕ್ಕೆ ಗುತ್ತಿಗೆ ಇಡ್ಬಹುದು. ಅಲ್ಲಿ ಕಾನೂನು ಅನ್ನೋದು ನೆಪ, ಜನ ಕಮ್ಮಿ ಮಾಡ್ಬೇಕಿತ್ತು ಮಾಡಿದಾರೆ. ಹಾಗಿದ್ಮೇಲೆ ನೋಟಿಸ್ ಸಂಬಳ, ಮೂರು ವರ್ಷಕ್ಕೆ 45 ದಿನದ ಪರಿಹಾರ ಕೊಡ್ಲಿ, ನೀನೇ ಒಂದು ಲೆಟರ್ ಬರ್ದು ಏಜೆನ್ಸಿಗೂ ಆ ಕಂಪನಿಗೂ ರಿಜಿಸ್ಟರ್ ಪೋಸ್ಟ್ ಮಾಡು.

ಮಾತ್ರೆ ನಿಲ್ಲಲ್ಲ. ಇಎಸ್‌ಐ ಲೆಕ್ಕ ಆರು ತಿಂಗಳು ಹಿಂದೆ ಮುಂದೆ ನಡಿಯುತ್ತೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್ ತನಕ ಸೌಲಭ್ಯ, ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್. ಅಮ್ಮ ಅಕ್ಟೋಬರ್‌ನಿಂದ ಜನವರಿ ತನಕ ಕೆಲಸ ಮಾಡಿದಾರೆ, ಸೌಲಭ್ಯಕ್ಕೆ ಬೇಕಾದ 78 ದಿನ ಆರಾಮಾಗಿ ದಾಟಿರುತ್ತೆ, ಹಾಗಾದ್ರೆ ಡಿಸೆಂಬರ್ ತನಕ ಕಾರ್ಡ್ ನಡಿಯುತ್ತೆ. ಡಿಸ್ಪೆನ್ಸರಿಯಲ್ಲಿ ಏನಾದ್ರೂ ತಕರಾರು ಮಾಡಿದ್ರೆ ಬ್ರಾಂಚ್ ಆಫೀಸಿಗೆ ಹೋಗಿ ಕೇಳು. ಅಲ್ಲೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಈಗ ಇದೆಯಾ ವಿಚಾರಿಸು, ಅದರ ಅವಧಿ ಆಗಾಗ ವಿಸ್ತರಣೆ ಆಗ್ತಿರುತ್ತೆ. ಕೆಲಸ ಹೋದವ್ರಿಗೆ ದಿನದ ಸರಾಸರಿ ಸಂಬಳದ ಅರ್ಧ, 90 ದಿನದ ತನಕ, ಜೀವನದಲ್ಲಿ ಒಂದೇ ಸಲ. ದಿನಕ್ಕೆ 560 ರೂಪಾಯಿ ಸರಾಸರಿ ಬಂದ್ರೆ 280ರ ಲೆಕ್ಕದಲ್ಲಿ ಪೂರ್ತಿ 25,200.

ವಕೀಲರ ಫೀಸಿಗೆ ಹೆದರ್ಬೇಡ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಪುಕ್ಕಟೆ, ಆದಾಯ ಎಷ್ಟಿದ್ರೂ ಸೈ, 15100ಕ್ಕೆ ಫೋನ್ ಮಾಡ್ಬಹುದು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗೋ ದಿನ ಅಮ್ಮನ್ನೂ ಕರ್ಕೊಂಡ್ ಹೋಗು, ಬೆಳಗ್ಗೆನೇ ಹೋಗಿ, ಅರ್ಜಿ ಕೊಟ್ಟ ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳದೆ ಬರ್ಬೇಡಿ. ಏಜೆನ್ಸಿಯವ್ರು ಐಡಿ ಕಾರ್ಡ್ ವಾಪಸ್ ಕೊಟ್ರೆ ಮಾತ್ರ ಸೆಟಲ್‌ಮೆಂಟ್ ಅಂತ ಹೇಳಿದ್ರೆ, ಕೊಡೋ ಮುಂಚೆ ಎರಡೂ ಕಡೆ ಫೋಟೋ ತೆಗೆದಿಟ್ಕೋ.